ಲೆಕ್ಕದಿಂದ ಹೊರಗಿಟ್ಟ ಕಿವಿ

1929 ಜುಲೈ 2, ಮಂಗಳವಾರ. ಭಾಲ್ಕಿ

ಬೆಳಗ್ಗೆ ಮೂವತ್ತೆಂಟು ಜನ. ಜ್ವರ, ಹುಣ್ಣು, ಕಣ್ಣು, ಕಿವಿ. ಕಿವಿ ತೊಳೆಯುವ ಪಿಚಕಾರಿಯ ತೊಗಲು ಇವತ್ತು ಪೂರ್ತಿ ಹರಿಯಿತು. ಒತ್ತಿದರೆ ನೀರು ಹಿಂದಕ್ಕೇ ಬಂದು ನನ್ನ ಅಂಗಿ ತೋಯಿಸುತ್ತದೆ. ಡಾಕ್ಟರ್ ನಜಮೋದ್ದೀನ ಸಾಹೇಬರು ಹೊಸದು ಬೇಕೆಂದು ಬೀದರಿಗೆ ಇಂಡೆಂಟ್ ಬರೆದರು. ಹೊಸದು ಬರುವವರೆಗೆ ಬರೀ ಹತ್ತಿಯ ಬತ್ತಿಯಿಂದ ಕೀವು ಒರೆಸು, ಬೋರಿಕ್ ಪುಡಿ ಊದು, ಕಳಿಸು ಎಂದರು. ಹಾಗೇ ಮಾಡಿದೆ. ವರ್ಷಗಟ್ಟಲೆ ಸೋರಿದ ಕಿವಿಗಳು... ಚಿಟಿಕೆ ಪುಡಿಯಿಂದ ಏನಾದೀತು.

ಜುಲೈ 27, ಶನಿವಾರ

ಹೊಸ ಪಿಚಕಾರಿ ಬಂತು. ಹಿತ್ತಾಳೆಯದು, ಫಳಫಳ. ಕೈಗೆತ್ತಿಕೊಳ್ಳಲು ಮನಸ್ಸಿಲ್ಲ. ಕಾರಣ ಬರೆಯಲೂ ಅಂಜಿಕೆ. ಪಿಚಕಾರಿ ಇಲ್ಲದ ಈ ಮೂರೂವರೆ ವಾರ ದಿನಾ ತಪ್ಪದೆ ಬಂದವರು ಹದಿನಾಲ್ಕು ಜನ. ಅವರಲ್ಲಿ ಒಂಬತ್ತು ಜನರ ಕಿವಿ ಒಣಗಿದೆ! ಹತ್ತು ವರ್ಷ ಕಂಪೌಂಡರ್ ಆಗಿ ಕಿವಿ ತೊಳೆದಿದ್ದೇನೆ. ಒಂದೇ ತಿಂಗಳಲ್ಲಿ ಒಂಬತ್ತು ಒಣಗಿದ್ದು ಎಂದೂ ಕಂಡಿಲ್ಲ. ನಾವು ಹಾಕುವ ನೀರೇ ಕಿವಿಯನ್ನು ಹಸಿಯಾಗಿ ಇಡುತ್ತಿತ್ತೇ?

ಜುಲೈ 28, ಭಾನುವಾರ

ಸಾಹೇಬರಿಗೆ ಹೇಳಿದೆ. ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಕಪಾಟಿನಿಂದ ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ಬಹಳ ಹೊತ್ತು ಓದಿದರು. ವಿಲಾಯತಿನಲ್ಲೂ ಇದೇ ಜಗಳವಂತೆ — ತೊಳೆಯಬೇಕೋ, ಒಣಗಿಸಬೇಕೋ. ನಮ್ಮ ಊರಿನ ಕಿವಿಗಳನ್ನು ನಾವೇ ನೋಡೋಣ ಎಂದರು. ಆಗಸ್ಟ್ ಒಂದರಿಂದ ಬೇರೆ ರಿಜಿಸ್ಟರ್. ಬಂದ ಪಾಳಿಯಂತೆ ಒಬ್ಬರಿಗೆ ನೀರು, ಮುಂದಿನವರಿಗೆ ಪುಡಿ. ಯಾರಿಗೆ ಯಾವುದು ಎಂದು ನಾವು ಆರಿಸುವಂತಿಲ್ಲ. ಮೊದಲ ಪುಟಕ್ಕೆ ತಲೆಬರಹ ನನ್ನಿಂದಲೇ ಬರೆಸಿದರು. ಮನೆಗೆ ಹೊರಡುವ ಮುಂಚೆ ಎರಡು ಸಲ ತೆರೆದು ನೋಡಿದೆ.

ಸೆಪ್ಟೆಂಬರ್ 12, ಗುರುವಾರ

ಪುಡಿಯವರು ಒಬ್ಬೊಬ್ಬರಾಗಿ ಗುಣವಾಗುತ್ತಿದ್ದಾರೆ. ನೀರಿನವರು ಹಾಗೇ.

ನೀರಿನವರಲ್ಲಿ ವಹೀದಾ ಒಬ್ಬಳು. ಔರಾದಿನ ಹುಡುಗಿ, ಒಂಬತ್ತು ವರ್ಷ. ಅವಳ ಕಿವಿಗಾಗಿಯೇ ತಾಯಿ ಅನ್ವರಿ ಬೇಗಂ ಇಲ್ಲಿ ತಂಗಿಯ ಮನೆಗೆ ಬಂದು ಉಳಿದಿದ್ದಾರೆ. ಎರಡು ವಾರವಾಯಿತು, ಎಡಗಿವಿಯಿಂದ ಕೀವು ನಿಂತಿಲ್ಲ. ವಾಸನೆಗೆ, ಓದಲು ಹೋಗುವ ಕಡೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲವಂತೆ. ಓಢಣಿಯನ್ನು ಕಿವಿಗೆ ಒತ್ತಿ ಹಿಡಿದೇ ಕೂರುತ್ತಾಳೆ.

ಇವತ್ತು ಆ ತಾಯಿ, ಬೆಂಚಿನ ಮೇಲಿದ್ದ ಮುದುಕನೊಬ್ಬನನ್ನು ತೋರಿಸಿ ಮೆಲ್ಲಗೆ ಅಂದರು: "ಕಂಪೌಂಡರ್ ಸಾಬ್, ಅವರ ಕಿವಿ ಆರೇದ. ನಮ್ ಹುಡುಗಿಗಿ ಯಾಕ ಆ ಬಿಳಿ ಪುಡಿ ಹಾಕವಲ್ರಿ?"

ಪಿಚಕಾರಿಗೆ ನೀರು ತುಂಬಿದೆ.

ಸೆಪ್ಟೆಂಬರ್ 17, ಮಂಗಳವಾರ

ಸಾಹೇಬರು ಕಾಲರಾ ಸೂಜಿ ಹಾಕಲು ಚಿಂತಾಕಿ ಕಡೆಗೆ ಹೋದರು. ಶನಿವಾರ ಬರುತ್ತಾರೆ. ದವಾಖಾನೆಯಲ್ಲಿ ನಾನೊಬ್ಬನೇ.

ವಹೀದಾ ಬಂದಳು. ಪುಡಿ ಹಾಕಿದೆ.

ರಿಜಿಸ್ಟರಿನಲ್ಲಿ 'ನೀರು' ಎಂದು ಬರೆದೆ.

ಸೆಪ್ಟೆಂಬರ್ 20, ಶುಕ್ರವಾರ

ಜುಮ್ಮಾದ ರಜೆ. ಮೂರು ದಿನವೂ ಹಾಗೇ ಮಾಡಿದೆ, ಹಾಗೇ ಬರೆದೆ. ಹುಡುಗಿಯ ಕೀವು ಅರ್ಧ ಕಡಿಮೆಯಾಗಿದೆ. ಸಂತೋಷ ಆಗಬೇಕು. ಆಗುತ್ತಿಲ್ಲ. ಅವಳ ಕಿವಿ ಒಣಗಿದರೆ ರಿಜಿಸ್ಟರು ಅದನ್ನು ನೀರಿನ ಗುಣ ಅನ್ನುತ್ತದೆ. ನಾನು ಕಂಡುಕೊಂಡದ್ದನ್ನು ನನ್ನ ಕೈಯೇ ಸುಳ್ಳು ಮಾಡಿದ ಹಾಗೆ. ಈ ರಿಜಿಸ್ಟರನ್ನು ನಂಬಿ ಇನ್ನು ಎಷ್ಟು ಮಂದಿಯ ಕಿವಿ...

ರೊಟ್ಟಿ ಸೇರಲಿಲ್ಲ. ಮನೆಯಾಕೆ ಈರಮ್ಮ ಬಿಡದೆ ಕೇಳಿದಳು. ಎಲ್ಲ ಹೇಳಿದೆ. "ಸಾಹೇಬ್ರ ಮುಂದ ಹೇಳಿಬಿಡ್ರಿ. ನೌಕರಿ ಹೋದ್ರ ಹೋಗ್ಲಿ," ಅಂದಳು.

ಸೆಪ್ಟೆಂಬರ್ 21, ಶನಿವಾರ

ಹೇಳಿದೆ. ನಿಂತೇ ಹೇಳಿದೆ. ಸಾಹೇಬರು ರಿಜಿಸ್ಟರ್ ತರಿಸಿ ಆ ಮೂರು ಸಾಲುಗಳನ್ನು ನೋಡಿದರು. ಅವರು ಬೀದರಿನ ಹಳೆಯ ಮನೆತನದವರು, ನನ್ನೊಡನೆ ಕನ್ನಡದಲ್ಲೇ ಮಾತು.

"ಪುಡಿ ಹಾಕಿದ್ದು ಇರ್ಲಿ ಹಾವಗೆಪ್ಪ. ಸುಳ್ಳ ಬರದಿ ನೋಡು, ಅದು ತಪ್ಪು."

ಕೆಂಪು ಶಾಯಿ ಕೊಟ್ಟರು. ಹೆಸರು ಓದಲು ಬರುವ ಹಾಗೆ ಒಂದೇ ಗೆರೆ ಹೊಡೆಯಬೇಕು, ಯಾಕೆ ಹೊಡೆದೆ ಎಂದು ಕೆಳಗೆ ಬರೆಯಬೇಕು. ಬರೆದೆ.

ಆಮೇಲೆ ಇಬ್ಬರೂ ಕೂತು ಎಣಿಸಿದೆವು. ಒಟ್ಟು ಅರವತ್ತೆರಡು ಹೆಸರು, ವಹೀದಾ ಬಿಟ್ಟರೆ ಅರವತ್ತೊಂದು. ನೀರಿನ ಮೂವತ್ತರಲ್ಲಿ ಎಂಟು ಒಣಗಿವೆ. ಪುಡಿಯ ಮೂವತ್ತೊಂದರಲ್ಲಿ ಇಪ್ಪತ್ತೆರಡು. ಸಾಹೇಬರು ಮತ್ತೊಮ್ಮೆ ತಾವೇ ಎಣಿಸಿದರು. ಪೆನ್ನು ಮುಚ್ಚಿ, ಇಷ್ಟು ಸಾಕು, ಇದನ್ನು ನೋಡಿದ ಮೇಲೂ ನೀರು ಹಾಕಿದರೆ ಅದು ಪಾಪ ಎಂದರು. ನಾಳೆಯಿಂದ ಎಲ್ಲರಿಗೂ ಪುಡಿ.

ನೌಕರಿ ಇದೆ.

ನವೆಂಬರ್ 9, ಶನಿವಾರ

ವಹೀದಾ ಔರಾದಿಗೆ ಹೊರಟಳು. ಕಿವಿ ಒಣಗಿ ತಿಂಗಳಾಯಿತು. ಕಿವಿಯೊಳಗಿನ ತಮಟೆಯಲ್ಲಿ ತೂತು ಹಾಗೇ ಇದೆ, ನೀರು ಹೋಗದಂತೆ ನೋಡಿಕೊಳ್ಳಬೇಕು ಎಂದು ಸಾಹೇಬರು ತಾಯಿಗೆ ಎರಡೆರಡು ಸಲ ಹೇಳಿದರು. ಹುಡುಗಿ ಬೆಂಚಿನ ನಡುವೆ, ಇಬ್ಬರು ಹೆಂಗಸರ ಮಧ್ಯೆ ನುಗ್ಗಿ ಕೂತಿದ್ದಳು. ಓಢಣಿ ಹೆಗಲ ಮೇಲಿತ್ತು.

ಡಿಸೆಂಬರ್ 8, ಭಾನುವಾರ. ಬೀದರ

ಜಿಲ್ಲೆಯ ಡಾಕ್ಟರರೆಲ್ಲ ಸೇರಿದ್ದರು. ಸಾಹೇಬರು ನನ್ನನ್ನೂ ಕರೆತಂದರು, ರಿಜಿಸ್ಟರ್ ಹಿಡಿದುಕೊಳ್ಳಲು. ಗೋಡೆಗೆ ಒತ್ತಿ ನಿಂತಿದ್ದೆ. ಸಾಹೇಬರು ಓದಿ ಮುಗಿಸಿದರು. ಹೈದರಾಬಾದಿನಿಂದ ಬಂದ ಹಿರಿಯರೊಬ್ಬರು ರಿಜಿಸ್ಟರಿನ ಹಾಳೆ ತಿರುವಿ, ಹೆಸರು ಅರವತ್ತೆರಡು, ಲೆಕ್ಕ ಅರವತ್ತೊಂದು, ಇನ್ನೊಂದು ಕಿವಿ ಎಲ್ಲಿ ಎಂದು ಉರ್ದುವಿನಲ್ಲಿ ಕೇಳಿದರು. ಸಾಹೇಬರು ನನ್ನ ಕಡೆ ತಿರುಗಿದರು.

ಮುಂದೆ ಹೋದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಹುಡುಗಿಯ ಹೆಸರು, ಸಾಹೇಬರಿಲ್ಲದ ಮೂರು ದಿನ, ಸುಳ್ಳು ಬರೆದದ್ದು, ಕೆಂಪು ಗೆರೆ. ಆ ಹಿರಿಯರು ಕನ್ನಡಕ ತೆಗೆದರು. ತನ್ನ ತಪ್ಪನ್ನು ತಾನೇ ಬರೆದಿಟ್ಟಿದ್ದಾನೆ, ಹಾಗಾಗಿ ಉಳಿದ ಅರವತ್ತೊಂದನ್ನೂ ನಾನು ನಂಬುತ್ತೇನೆ ಎಂದರು. ಎದುರಿನ ಖಾಲಿ ಕುರ್ಚಿ ತೋರಿಸಿ, ಕೂರಿ ಎಂದರು.

ಕೂತೆ. ಡಾಕ್ಟರರ ಸಾಲಿನಲ್ಲಿ.

ವರದಿ ಹೈದರಾಬಾದಿಗೆ ಹೋಗುತ್ತದಂತೆ. ಸಾಹೇಬರು ಅಲ್ಲೇ ತಮ್ಮ ಹೆಸರಿನ ಕೆಳಗೆ ನನ್ನದನ್ನೂ ಬರೆದರು.

ಡಿಸೆಂಬರ್ 10, ಮಂಗಳವಾರ. ಭಾಲ್ಕಿ

ಮಧ್ಯಾಹ್ನ ಮನೆ ಮುಟ್ಟಿದೆ. ಬಂಡಿಯ ಕುಲುಕಿಗೆ ಮೈ ನೋವು. ನಿನ್ನೆಯೇ ಮರಳಿದ್ದ ಸಾಹೇಬರಿಂದ ಈರಮ್ಮನಿಗೆ ಸುದ್ದಿ ಆಗಲೇ ಗೊತ್ತು, ಓಣಿಗೆಲ್ಲ ಹೇಳಿ ಬಂದಿದ್ದಾಳೆ. ಆದರೂ ಒಲೆ ಮುಂದಿನಿಂದ ಎದ್ದು ಬಂದು ಎದುರಿಗೆ ಕೂತಿದ್ದಾಳೆ. ಬರೆಯುವುದು ಆಮೇಲಂತೆ. ಆ ದೊಡ್ಡವರ ಮುಂದೆ ನಿಂತು ಆಡಿದ್ದನ್ನು ಒಂದೂ ಬಿಡದೆ ಹೇಳಬೇಕಂತೆ. ಉರ್ದುವಿನಲ್ಲಿ ಆಡಿದ ಮಾತು, ಈಗ ಕನ್ನಡದಲ್ಲಿ ಮೊದಲಿನಿಂದ —