ಎಮ್ಮೆಗಳು ಮೇಯ್ದು ಮುಗಿಸಿದ ಗುಡ್ಡದ ವಿಚಾರ

ಜಲಾನಯನ ನಕ್ಷೆಯ ಮಾನ್ಯ ಅಧಿಕಾರಿಗಳೇ,

ಕಳ್ಳಕವಟಗಿಯಲ್ಲಿ ನೀವು ಕಂಡುಹಿಡಿದ ಗುಡ್ಡವನ್ನು ನಮ್ಮ ಎಮ್ಮೆಗಳು ತಿಂದುಬಿಟ್ಟಿವೆ. ಅದನ್ನು ನಂಬಿ ನೀವು ಕಟ್ಟಿದ ತಡೆಗೋಡೆ ಒಣಗಿ ನಿಂತಿದೆ. ಇತ್ತ ನನ್ನ ಮಗ್ಗುಲ ಹೊಲದ ಆಶಾಬಿಯ ಎರಡೆಕರೆ ಎರೆಮಣ್ಣು ಮಳೆಮಳೆಗೂ ಹಳ್ಳ ಸೇರುತ್ತಿದೆ.

ಕಳೆದ ಮಾರ್ಚಿನಲ್ಲಿ ನಿಮ್ಮ ಡ್ರೋನು ಬಂದು ನೆಲದ ಏರಿಳಿತ ಅಳೆಯಿತು. ಮಣ್ಣು ಎಲ್ಲಿ ಕೊಚ್ಚಿಹೋಗುತ್ತದೆ, ನೀರು ಎತ್ತ ಹರಿಯುತ್ತದೆ ಎಂದು ತಿಳಿಯಲು ಒಳ್ಳೆಯ ಉಪಾಯವೇ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆದರೆ ಅದೇ ಮಾರ್ಚಿನಲ್ಲಿ ನಮ್ಮೂರವರು ಜೋಳದ ರಾಶಿ ಮುಗಿಸಿ, ಉಳಿದ ಒಣದಂಟಿನ, ಅಂದರೆ ಕಣಿಕೆಯ, ಬಣವೆಗಳನ್ನು ಊರಮುಂದಿನ ಬಯಲಲ್ಲಿ ಒಂದಕ್ಕೊಂದು ತಾಗಿಸಿ ಸಾಲಾಗಿ ಒಟ್ಟುತ್ತಾರೆ. ಈ ಸಲ ಮೂವತ್ತೆಂಟು ಬಣವೆ, ಹದಿನಾಲ್ಕು ಅಡಿ ಎತ್ತರ. ಡ್ರೋನು ಅದನ್ನೂ ನೆಲವೆಂದೇ ಬರೆದುಕೊಂಡಿತು. ಪಾಪ, ಅದು ಮೇವು ತಿನ್ನುವ ಪ್ರಾಣಿಯಲ್ಲ. ನಿಮ್ಮ ಇಡೀ ಕಚೇರಿಯಲ್ಲಿ ಎಮ್ಮೆ ಕಟ್ಟಿದವರು ಒಬ್ಬರೂ ಇರಲಿಲ್ಲವೇ?

ನಕ್ಷೆಯಲ್ಲಿ ಬಣವೆಸಾಲು ಕಂದುಬಣ್ಣದ ಗುಡ್ಡವಾಯಿತು. ಮಳೆನೀರು ಅದಕ್ಕೆ ಅಂಜಿ ಪಡುವಣಕ್ಕೆ ತಿರುಗುತ್ತದೆಂದು ಒಂದು ನೀಲಿಗೆರೆ, ಗೆರೆಯ ತುದಿಗೆ ತಡೆಗೋಡೆ. ಅಲ್ಲೀಗ ನೀರೊಂದನ್ನು ಬಿಟ್ಟು ಎಲ್ಲರೂ ನಿಲ್ಲುತ್ತಾರೆ: ಕುರಿಗಳು, ತಿಕೋಟಾ ಬಸ್ಸಿಗೆ ಕಾಯುವವರು, ಉದ್ಘಾಟನೆಯ ದಿನ ತಾವು. ಗುಡ್ಡದ ಮರೆಯಲ್ಲಿದೆಯೆಂದು ಆಶಾಬಿಯ ಹೊಲಕ್ಕೆ ಹಸಿರು ಬಣ್ಣ, ಅಂದರೆ 'ಸವಕಳಿ ಇಲ್ಲ'.

ನಕ್ಷೆಯನ್ನು ಆಶಾಬಿಯ ಕಟ್ಟೆಯ ಮೇಲೆ ಹಾಸಿದೆ. ಎಲ್ಲರಿಗಿಂತ ಎತ್ತರದ ಬಣವೆ ಒಟ್ಟಿದ್ದ ಅಮೋಘಿಯೂ ಬಗ್ಗಿ ನೋಡಿದ.

"ನನ್ನ ಬಣವಿ ಗುಡ್ಡ ಆಗೇತೇನ್ರಿ? ಯಪ್ಪಾ! ಅರ್ಧಾ ಗುಡ್ಡ ಎಮ್ಮಿ ತಿಂದಾವು, ಇನ್ನರ್ಧಾ ಗಡಿ ಆಚಿ ಜತ್ತಿನವರಿಗೆ ಮಾರೇವಿ. ತಿರುಗಿ ತರೂದಾಗೂದಿಲ್ರಿ!"

ಆಶಾಬಿ ನಗಲಿಲ್ಲ. "ನನ್ನ ಹೊಲಕ್ಕ ಹಸರು ಹಚ್ಚ್ಯಾರಲ್ರಿ ಸರ. ಹಂಗಂದ್ರೇನ್ರಿ?"

"ನಿನ್ನ ಮಣ್ಣಿಗೆ ಏನೂ ಆಗೂದಿಲ್ಲಂತ."

"ಹಂಗಾರ ಮಳಿಗೂ ಒಂದು ನಕಾಶಿ ಕೊಡಸ್ರಿ. ಅದಕ್ಕ ಗೊತ್ತಿಲ್ಲ."

ಇದನ್ನೇ ಹೇಳಲು ವಿಜಯಪುರದ ನಿಮ್ಮ ಕಚೇರಿಗೆ ಬಂದೆ. ಹಸಿರು ಹೊಲಕ್ಕೆ ಕಾಮಗಾರಿ ಕೊಡಲು ಬರುವುದಿಲ್ಲವಂತೆ; ಗುಡ್ಡ ಇಲ್ಲವೆನ್ನುವುದಾದರೆ ಇಲ್ಲವೆಂಬುದಕ್ಕೆ ದಾಖಲೆ ತರಬೇಕಂತೆ. ಇಲ್ಲದ ಗುಡ್ಡಕ್ಕೆ ಯಾವ ದಾಖಲೆ ತರಲಿ ಸ್ವಾಮಿ? ಸಗಣಿ ತರಲೇ? ಊರಲ್ಲಿ ಬೇಕಾದಷ್ಟಿದೆ, ಎರಡು ಪ್ರತಿ ಕೊಡಬಲ್ಲೆ. ಗಡಿ ದಾಟಿದ ಅರ್ಧ ಗುಡ್ಡದ ಬಗ್ಗೆ ಮಾತ್ರ ನೀವು ಮಹಾರಾಷ್ಟ್ರದ ಜೊತೆ ಮಾತಾಡಬೇಕು.

ಹೋದ ವಾರದ ಮಳೆಗೆ ಆಶಾಬಿಯ ಹೊಲದ ಗಡಿಯ ಬಾಂದುಗಲ್ಲು ನೀರು ಕೊರೆದ ಕೊರಕಲಿಗೆ ಉರುಳಿತು. ಈಗ ಬೆಳಗೆದ್ದು ಬುಟ್ಟಿಯಲ್ಲಿ ಕಲ್ಲು ಹೊತ್ತು ತಾನೇ ಕೊರಕಲ ಬಾಯಿಗೆ ಒಟ್ಟುತ್ತಿದ್ದಾಳೆ. ಮಳೆ ಸಂಜೆಗೆ ಅವನ್ನೂ ಒಯ್ಯುತ್ತದೆ.

ಡ್ರೋನು ಪೆಟ್ಟಿಗೆಯಲ್ಲೇ ಇರಲಿ. ಮಳೆ ಬಿದ್ದ ದಿನ ತಾವು ಬನ್ನಿ, ಪ್ಯಾಂಟು ಮಡಚಿ ನೀರಿನ ಹಿಂದೆಯೇ ನಡೆಯಿರಿ, ಅದು ಹೋದಲ್ಲಿ ಗೋಡೆ ಕಟ್ಟಿಸಿ. ಹಿಂಗಾರಿ ಬಿತ್ತನೆಗೆ ಇನ್ನು ಮೂರು ವಾರ. ಆಶಾಬಿಯ ಹೊಲದಲ್ಲಿ ಕೂರಿಗೆ ತಿರುಗಿಸುವಷ್ಟು ಜಾಗ ಉಳಿದಿರುವಾಗಲೇ ಬನ್ನಿ.

ಇಂತಿ,
ಮೂವತ್ತೊಂದು ವರ್ಷ ಭೂಗೋಳದ ತರಗತಿಯಲ್ಲಿ 'ನಕ್ಷೆಯನ್ನು ನಂಬಿ' ಎಂದು ಕಲಿಸಿದ, ಬಹುಶಃ ನಿಮಗೂ ಕಲಿಸಿದ, ಒಬ್ಬ ನಿವೃತ್ತ ಮಾಸ್ತರ