ಮಿಸ್ಟರ್ ಮೋಹನದಾಸ್

ಖಲೀಫಾ ಸಿಟಿ, ಅಬುಧಾಬಿ
೧೨ ಜೂನ್ ೨೦೧೪, ಗುರುವಾರ

ಪ್ರೀತಿಯ ಮಗಳು ಯಶ್ಮಿತಾಳಿಗೆ ಅಮ್ಮನ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಗಂಟಲು ನೋವು ಕಡಿಮೆಯಾಯಿತೇ? ಇಡೀ ದಿನ ಎಸಿಯಲ್ಲಿ ನಿಂತು ಮಾತಾಡುವ ಕೆಲಸ ನಿನ್ನದು, ಬಿಸಿನೀರು ಕುಡಿಯುತ್ತಿರು. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಿನ್ನ ಮನೆಗೆ ಹೊಸ ಸೋಫಾ ಬಂತೆಂದು ಫೋಟೊ ಕಳುಹಿಸಿದ್ದೆಯಲ್ಲ, ನೋಡಿದೆ. ಬಣ್ಣ ಚೆನ್ನಾಗಿದೆ. ನಮ್ಮ ಸೋಫಾವನ್ನು ನಿನ್ನೆ ಮುಸಫ್ಫಾದಿಂದ ಯಾರೋ ಬಂದು ಹೊತ್ತುಕೊಂಡು ಹೋದರು. ಈಗ ನೆಲದ ಮೇಲೆ ಕುಳಿತು, ಸೂಟ್‌ಕೇಸನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಪ್ಪನ ಬಿಪಿಯೂ ಹತೋಟಿಯಲ್ಲಿದೆ. ಅದು ಹೇಗೆ ಹತೋಟಿಯಲ್ಲಿದೆ ಎಂಬುದೇ ನನಗೆ ಆಶ್ಚರ್ಯ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀ. “ಅಮ್ಮಾ, ನಿಮಗೆ ಅದೆಲ್ಲ ಗೊತ್ತಾಗುದಿಲ್ಲ” ಅನ್ನುತ್ತೀ, ಅಲ್ಲಿಗೆ ನನ್ನ ಮಾತು ಮುಗಿಯುತ್ತದೆ. ಕಾಗದದಲ್ಲಿ ಆ ತೊಂದರೆಯಿಲ್ಲ. ಮನೆಯಲ್ಲಿ ತುಳು, ಹೊರಗೆ ಇಂಗ್ಲಿಷ್ ಎಂದು ಬೆಳೆದ ನಿನಗೆ ಕನ್ನಡ ಓದಲು ಸ್ವಲ್ಪ ಕಷ್ಟವಾದೀತು. ಆಗಲಿ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದು. ನೀನು ಕಲಿಸಿದ ಪಾಠವನ್ನು ಅಪ್ಪ ಹಾಗೆಯೇ ಓದಿದರು.

ಅವರು ಅಷ್ಟು ವರ್ಷ ಪರೀಕ್ಷಾ ವಿಭಾಗದಲ್ಲಿ ದುಡಿದ ವಿಶ್ವವಿದ್ಯಾಲಯಕ್ಕೇ ನಿನ್ನ ಕಂಪನಿ ಫೆಬ್ರವರಿಯಲ್ಲಿ ನಿನ್ನನ್ನು ಕಳುಹಿಸಿದಾಗ ಅವರ ಸಂಭ್ರಮ ಹೇಳತೀರದು. ಕಚೇರಿಯ ಕೆಲಸವೆಲ್ಲ ಹೊಸ ಸಾಫ್ಟ್‌ವೇರಿಗೆ ಬದಲಾಗುತ್ತದೆ, ಅದನ್ನು ಸಿಬ್ಬಂದಿಗೆ ಕಲಿಸಲು ದುಬೈಯಿಂದ ಬರುವವಳು ತನ್ನ ಮಗಳು! ಕೆಲವು ತಿಂಗಳು ನೀನು ನಮ್ಮ ಜೊತೆಗೇ ಇರುತ್ತೀ ಎಂದು ನಿನ್ನ ಕೋಣೆಗೆ ಹೊಸ ಪರದೆ ತಂದು, ತಾವೇ ಸ್ಟೂಲು ಹತ್ತಿ ಹಾಕಿದರು. ನೀನು ಬಂದವಳು ಊಟಕ್ಕೆ ಕುಳಿತಾಗಲೇ ಹೇಳಿದೆ: “ಅಪ್ಪಾ, ಆಫೀಸಲ್ಲಿ ನಾನು ನಿಮ್ಮ ಮಗಳು ಅಂತ ಹೇಳ್ಬೇಡಿ. ನನಗೆ ಪ್ರಾಬ್ಲಮ್ ಆಗ್ತದೆ.” ಅವರು ತುತ್ತು ನುಂಗಿ, “ಆಯ್ತು ಮಗಾ, ಅದೂ ಸರಿಯೇ” ಅಂದರು. ಮರುದಿನ ಆಫೀಸಿನ ಮೇಜಿನ ಮೇಲಿದ್ದ ನಿನ್ನ ಫೋಟೊವನ್ನು ಡ್ರಾವರಿಗೆ ಹಾಕಿದರು. ಇಬ್ಬರೂ ಒಂದೇ ಕಾರಿನಲ್ಲಿ ಹೊರಡುತ್ತಿದ್ದಿರಿ, ಯಾರಾದರೂ ನೋಡಿಯಾರೆಂದು ನೀನು ಗೇಟಿಗಿಂತ ಎಷ್ಟೋ ಮೊದಲೇ ಇಳಿಯುತ್ತಿದ್ದೆ. ಮಗಳು ಬಿಸಿಲಲ್ಲಿ ನಡೆಯುತ್ತಾಳಲ್ಲ ಎಂದು ಅವರಿಗೆ ಸಂಕಟ. ಆಮೇಲೆ ಕಾರನ್ನು ನಿನ್ನ ಕೈಗೇ ಕೊಟ್ಟು, ತಾವು ಇಳಿದು ನಡೆಯತೊಡಗಿದರು. ನೀನು ಬೇಡ ಅನ್ನಲಿಲ್ಲ.

ಕ್ಲಾಸಿನಲ್ಲಿ ಏನಾಯಿತೆಂದು ಅವರು ನನಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಿದ್ದು ಲಿಯೊನೆಲ್. ಆಫೀಸಿನಲ್ಲಿ ಅಪ್ಪನ ಪಕ್ಕದ ಮೇಜಿನವರು, ನಿನ್ನನ್ನು ಚಿಕ್ಕವಳಿದ್ದಾಗಿನಿಂದ ಬಲ್ಲವರು, ನಿನ್ನ ಗುಟ್ಟು ಕಾಪಾಡಿದವರು. ಹೋದ ವಾರ ನಮ್ಮನ್ನು ಕಂಡುಹೋಗಲು ಬಂದಿದ್ದಾಗ, ಅಪ್ಪ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಹೇಳಿದರು. ಅಂಕ ಸೇರಿಸುವ ಪುಟದ ಬಗ್ಗೆ ಅಪ್ಪ ಎರಡನೇ ಸಲ ಕೇಳಿದಾಗ ನೀನು ಎಲ್ಲರೆದುರು, “ಮಿಸ್ಟರ್ ಮೋಹನದಾಸ್, ನಿಮ್ಮೊಬ್ಬರಿಗೋಸ್ಕರ ಇಡೀ ಕ್ಲಾಸ್ ಕಾಯಬೇಕಾ?” ಅಂದೆಯಂತೆ. ಎಲ್ಲರೂ ನಕ್ಕರಂತೆ. “ಮೋಹನಣ್ಣನೂ ನಕ್ಕರು ಅಕ್ಕಾ, ಅದನ್ನು ನೋಡ್ಲಿಕ್ಕೆ ಆಗ್ಲಿಲ್ಲ” ಅಂದರು ಲಿಯೊನೆಲ್. ನನಗೆ ಆ ಸಂಜೆ ನೆನಪಿದೆ. ಅಪ್ಪ ಬೂಟು ಬಿಚ್ಚುತ್ತಾ, “ನಮ್ಮ ಹುಡುಗಿ ಎಷ್ಟು ಚಂದ ಇಂಗ್ಲಿಷ್ ಮಾತಾಡ್ತಾಳೆ ಚಂದ್ರಾ, ದೊಡ್ಡ ದೊಡ್ಡವರೆಲ್ಲ ಬಾಯಿ ಮುಚ್ಚಿ ಕೇಳ್ತಾರೆ” ಎಂದಿದ್ದರು.

ನಾನೇ ಕಣ್ಣಾರೆ ಕಂಡದ್ದೂ ಒಂದಿದೆ. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಅವರು ನಿನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನೀನು ಮಂಚದ ಮೇಲೆ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದೆ. “ಮಗಾ, ಆ ಪುಟ ಒಮ್ಮೆ ತೋರಿಸ್ತೀಯಾ?” ಎಂದು ಕೇಳಿದರು. ನೀನು ತಲೆ ಎತ್ತದೆ, “ಕ್ಲಾಸಲ್ಲಿ ಹೇಳಿಯಾಗಿದೆ ಅಪ್ಪಾ. ಮನೆಯಲ್ಲಾದ್ರೂ ನನ್ನನ್ನು ಬಿಡಿ” ಅಂದೆ. ಅವರು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದರು. ಅಂದಿನಿಂದ ಊಟದ ಮೇಜೇ ಅವರ ಶಾಲೆ. ನೀನು ಹಂಚಿದ ಹಾಳೆಗಳನ್ನು ನಾನು ಬೀನ್ಸ್ ಹೆಚ್ಚುತ್ತಾ ಓದಿ ಹೇಳುವುದು, ಅವರು ಒತ್ತುವುದು. ತಪ್ಪಿದರೆ ಮತ್ತೆ ಮೊದಲಿನಿಂದ. ಕೊನೆಕೊನೆಗೆ ನಾನು ಓದುವ ಮೊದಲೇ ಅವರ ಕೈ ಓಡುತ್ತಿತ್ತು. ಪಾಠ ಮುಗಿಸಿ ನೀನು ಸಿಬ್ಬಂದಿಗೆಲ್ಲ ಇಟ್ಟ ಪರೀಕ್ಷೆಯ ದಿನ ಬೆಳಿಗ್ಗೆ ಅವರು ಹೆದರಿರಲಿಲ್ಲ ಯಶೂ. ಹಾಡು ಗುನುಗಿಕೊಂಡು ಗಡ್ಡ ಹೆರೆದುಕೊಂಡಿದ್ದರು.

ನೀನು ಒಬ್ಬೊಬ್ಬರನ್ನೇ ಕೂರಿಸಿ ಮಾಡಿಸಿದೆಯಂತೆ. ಲಿಯೊನೆಲ್ ನಡುವೆ ದಾರಿ ತಪ್ಪಿದಾಗ “ಎಡಗಡೆ ನೋಡಿ ಸರ್” ಎಂದೆಯಂತೆ. ಅವರ ಹಿಂದಿನ ಹುಡುಗಿಗೆ ಎರಡೆರಡು ಸಲ ತೋರಿಸಿಕೊಟ್ಟೆಯಂತೆ. ಅಪ್ಪನ ಸರದಿ ಬರುವ ಮೊದಲು ಲಿಯೊನೆಲ್ ನಿನ್ನನ್ನು ಮೂಲೆಗೆ ಕರೆದು, “ಇವರೊಬ್ಬರನ್ನು ಬೇರೆ ಯಾರಾದ್ರೂ ನೋಡ್ಲಿ ಮಗಾ” ಎಂದರೆ, “ನಾಳೆ ಗೊತ್ತಾದ್ರೆ ಅಪ್ಪನನ್ನು ಪಾಸ್ ಮಾಡಿಸಿದ್ಳು ಅಂತ ಎಲ್ರೂ ಹೇಳ್ಬೇಕಾ?” ಅಂದೆಯಂತೆ. ಆಮೇಲೆ ಅವರ ಬೆನ್ನಿಗೆ ಬಂದು ಕೈಕಟ್ಟಿ ನಿಂತೆ. ಅವರು ಒಮ್ಮೆ ಹಿಂದೆ ತಿರುಗಿ ನಿನ್ನನ್ನು ನೋಡಿದರಂತೆ. ಎಲ್ಲೋ ತಪ್ಪಾಗಿ ಒತ್ತಿದರು, ತುಂಬಿಸಿದ್ದೆಲ್ಲ ಅಳಿಸಿಹೋಯಿತು. “ಇನ್ನೊಂದು ಸಲ ಮಾಡ್ತೇನೆ ಮೇಡಂ” ಅಂದರಂತೆ. ಮೇಡಂ! ನೀನು ಟೈಮ್ ಇಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಅವರು ಬೆರಳು ಎಳೆದುಕೊಳ್ಳುವಷ್ಟೂ ಕಾಯಲಿಲ್ಲವಂತೆ.

ಇಡೀ ವಿಭಾಗದಲ್ಲಿ ಫೇಲಾದವರು ಅವರೊಬ್ಬರೇ. ಮೇ ತಿಂಗಳಲ್ಲಿ ಮೇಲಧಿಕಾರಿಗಳು ಅವರನ್ನು ಒಳಗೆ ಕರೆದು, ಹೊಸ ವ್ಯವಸ್ಥೆಗೆ ಒಗ್ಗಿಕೊಳ್ಳುವ ಶಕ್ತಿ ಇವರಿಗಿಲ್ಲ ಎಂದು ನೀನು ಬರೆದದ್ದನ್ನು ಓದಿ ಹೇಳಿ, ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದರು. ಕೆಲಸ ಹೋದ ಮೇಲೆ ವೀಸಾವೂ ಹೋಯಿತು, ಖಲಾಸ್. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಗೌರವದಿಂದ ಹೊರಡಬೇಕೆಂದು ಅವರಿಗೆ ಆಸೆಯಿತ್ತು. ನಾನು ನಿನ್ನನ್ನು ಬೈಯಲು ಬಾಯಿ ತೆರೆದರೆ, “ಅವಳು ಅವಳ ಕೆಲಸ ಮಾಡಿದ್ದಾಳೆ, ಸುಮ್ನಿರು” ಎಂದು ನನ್ನ ಮೇಲೆಯೇ ರೇಗಿದರು. ಮದುವೆಯಾದ ಮೇಲೆ ಅವರು ನನ್ನ ಮೇಲೆ ರೇಗಿದ್ದು ಅಪರೂಪ. ಬೀಳ್ಕೊಡುವಾಗ ಆಫೀಸಿನವರು ಅವರಿಗೆ ಒಂದು ಟ್ಯಾಬ್ಲೆಟ್ ಕೊಟ್ಟರು. ಇನ್ನಾದರೂ ಕಲಿಯಿರಿ ಎಂದು ಯಾರೋ ತಮಾಷೆ ಮಾಡಿದರಂತೆ. ಅದೇ ವಾರ ನಿನಗೆ ಬಡ್ತಿ ಸಿಕ್ಕಿ, ಹೂಗುಚ್ಛ ಹಿಡಿದು ನಿಂತ ಫೋಟೊ ಕಳುಹಿಸಿದೆ. ಅದನ್ನು ಅಪ್ಪ ಪಕ್ಕದ ಮನೆಯ ನಫೀಸಳಿಗೆ ತೋರಿಸಿ ಬಂದರು.

ಅವರು ನಿನ್ನ ಅಪ್ಪ ಎನ್ನಲು ನೀನು ನಾಚಿಕೊಂಡೆ ಯಶೂ. ಅದನ್ನು ನಾನು ಮೊದಲ ದಿನದ ಊಟದ ಹೊತ್ತಿಗೇ ಕಂಡೆ. ಅವರಿಗೆ ಇನ್ನೂ ಕಂಡಿಲ್ಲ. ಕಾಣದೆಯೇ ಇರಲಿ.

ನಿನಗೆಂದು ಮಿಡಿ ಉಪ್ಪಿನಕಾಯಿಯ ಭರಣಿಯನ್ನು ನಫೀಸಳ ಹತ್ತಿರ ಇಟ್ಟಿದ್ದೇನೆ. ಒದ್ದೆ ಚಮಚ ಹಾಕಬೇಡ. ಹೊತ್ತುಹೊತ್ತಿಗೆ ಊಟ ಮಾಡು. ದೇವರು ನಿನಗೆ ಒಳ್ಳೆಯದು ಮಾಡಲಿ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು, ಆದರೂ ಬರೆದಿದ್ದೇನೆ.

ನಿನ್ನ ಅಮ್ಮ,
ಚಂದ್ರಮತಿ

ತಾ.ಕ.: ಊರಿಗೆ ಹೋಗುವ ವಿಮಾನ ಯಾವತ್ತು, ಏರ್‌ಪೋರ್ಟಿಗೆ ಬಂದು ಅಪ್ಪನ ಕಾಲಿಗೆ ಬೀಳಬೇಕು ಎಂದು ನೀನು ಮೆಸೇಜ್ ಮಾಡಿದ್ದೆ. ಭಾನುವಾರ ಸಂಜೆ, ಮಧ್ಯಾಹ್ನವೇ ಮನೆಗೆ ಬಾ ಎಂದು ಉತ್ತರ ಬರೆದೆ. ವಿಮಾನ ಇರುವುದು ನಾಳೆ, ಶುಕ್ರವಾರ. ಭಾನುವಾರ ನೀನು ಬಂದು ಬೀಗ ನೋಡಿದಾಗ ನಫೀಸ ಈ ಕಾಗದ ಕೊಡುತ್ತಾಳೆ. ಅಪ್ಪ ತಮ್ಮ ಫೋನನ್ನು ಆಫೀಸಿಗೆ ಹಿಂದಿರುಗಿಸಿದ್ದಾರೆ, ನಿನ್ನ ಮೆಸೇಜನ್ನು ಅವರು ನೋಡಿಲ್ಲ. ಬೆಳಿಗ್ಗೆಯಿಂದ “ಯಶೂ ಬರ್ತಾಳಾ?” ಎಂದು ಕೇಳುತ್ತಲೇ ಇದ್ದಾರೆ. “ಅವಳಿಗೆ ಪುರುಸೊತ್ತಿಲ್ಲವಂತೆ” ಎಂದೆ. ಆದರೂ ನಾಳೆ ಏರ್‌ಪೋರ್ಟಿನ ಒಳಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಬಾಗಿಲ ಹತ್ತಿರ ನಿಲ್ಲೋಣ ಅಂದಿದ್ದಾರೆ. ನಿಲ್ಲಲಿ. ನಾನೂ ಪಕ್ಕದಲ್ಲಿ ನಿಂತಿರುತ್ತೇನೆ.