ಫೋಟೋದ ಕೆಳಗಿನ ನೆರಳು

ಜನವರಿ ೧೭, ಶುಕ್ರವಾರ

ತಮ್ಮನ ಫೋನ್ ಇವತ್ತೂ ಸಿಗಲಿಲ್ಲ. ಅವನು ಕೊನೆಗೆ ಕಳಿಸಿದ್ದು ಹಿಮದ ಬೆಟ್ಟದ ಒಂದೇ ಫೋಟೋ. ಅದನ್ನು ಅವನಿದ್ದ ಚಾರಣಪ್ರಿಯರ ಆನ್‌ಲೈನ್ ಗುಂಪಿನಲ್ಲಿ ಹಾಕಿ, ‘ಇದು ಯಾವ ಬೆಟ್ಟ? ತಮ್ಮ ವಾಪಸ್ ಬಂದಿಲ್ಲ’ ಎಂದು ಕೆಳಗೆ ಬರೆದೆ. ಎಲ್ಲರೂ ಫೋಟೋ ನೋಡಿದರು, ಪ್ರಶ್ನೆ ಓದಲಿಲ್ಲ.

‘ಅಬ್ಬಾ, ಏನ್ ಬೆಳಕು!’ ‘ಯಾವ ಕ್ಯಾಮೆರಾ ಅಕ್ಕಾ?’ ಆಮೇಲೆ ತಲೆಗೊಂದು ಹಿಮದ ಬೆಟ್ಟದ ಫೋಟೋ ತಂದು ಸುರಿದರು. ‘ಓದ್ರಪ್ಪಾ, ನಿಮ್ಮ ದಮ್ಮಯ್ಯ!’ ಎಂದು ಬರೆದದ್ದೂ ಅದರಡಿ ಹೂತುಹೋಯಿತು.

ಫೋನ್ ಟಣ್ ಅಂದಾಗಲೆಲ್ಲ ಅಮ್ಮ ಒಳಗಿನಿಂದ, ‘ಅವನೇನಾ?’ ಅನ್ನುತ್ತಾಳೆ. ಅಲ್ಲಮ್ಮಾ, ಲೈಕು.

ಈಗಷ್ಟೇ ಒಬ್ಬರ ಸಲಹೆ ಬಂತು: ‘ಕೆಳಗೆ ಫೋಟೋ ತೆಗೆದವರ ನೆರಳು ಬಿದ್ದಿದೆ. ಅದನ್ನ ಕತ್ತರಿಸಿಬಿಡಿ, ಬೆಟ್ಟ ಎದ್ದು ಕಾಣುತ್ತೆ.’

ಆ ನೆರಳಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೇನೆ. ಸದ್ಯಕ್ಕೆ ನಮ್ಮ ಪಾಲಿಗೆ ಅವನು ಇರುವುದು ಅಷ್ಟರಲ್ಲೇ.